ಒಂದನೇ ನಂಬರಿನ ಮೇಲಿನ ಸುಣ್ಣ

ಜೂನ್ 2

ಮಗಳೇ,

ಶಿಬಿರದ ಗೇಟು ದಾಟುವಾಗ ಒಮ್ಮೆಯಾದರೂ ತಿರುಗಿ ನೋಡುತ್ತೀಯ ಅಂದುಕೊಂಡಿದ್ದೆ. ನೋಡಲಿಲ್ಲ. ಒಳ್ಳೆಯದೇ ಆಯಿತು, ಅಳುವ ಮುಖ ನನಗೆ ಒಪ್ಪುವುದಿಲ್ಲ. ನಿಮ್ಮ ಮೊಬೈಲುಗಳನ್ನೆಲ್ಲ ಗೇಟಿನಲ್ಲೇ ಕಿತ್ತಿಟ್ಟುಕೊಂಡರಂತಲ್ಲ. ಇರಲಿ ಬಿಡು. ಆ ದಾರಿಯ ಬಸ್ಸಿನ ಡ್ರೈವರಣ್ಣ ಪತ್ರ ಕೊಟ್ಟರೆ ಕಾವಲುಗಾರನ ಕೈಗೆ ದಾಟಿಸುತ್ತೇನೆ ಅಂದಿದ್ದಾನೆ. ಇಷ್ಟು ವರ್ಷ ಡಿಪೋದಲ್ಲಿ ಕೂತು ಬಸ್ಸಿನ ಸೀಟು ಹೊಲಿದದ್ದಕ್ಕೆ ಅಷ್ಟಾದರೂ ಉಪಕಾರ ಆಗಬೇಡವೇ?

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ಅಲ್ಲಿಗೆ ಹೋದ ಮೇಲೆ ಎಲ್ಲರೂ ಮೆತ್ತಗಾಗುತ್ತಾರೆ, ಅದಕ್ಕೇ. ನನಗೆ ಆಗ ಹದಿನಾರು. ದೇಶದ ಹುಡುಗಿಯರ ಕಿರಿಯರ ಫುಟ್‌ಬಾಲ್ ತಂಡಕ್ಕೆ ನಾನು ಗೋಲ್‌ಕೀಪರ್, ದೊರೆಸಾನಿ ನಾಯಕಿ. ಅದು ಅವಳ ಅಡ್ಡಹೆಸರು. ಒಂದೇ ತಟ್ಟೆಯಲ್ಲಿ ಉಂಡವರು ನಾವು. ಹದಿನೇಳು ದಾಟಿದವರು ಆ ತಂಡದಲ್ಲಿ ಆಡುವಂತಿಲ್ಲ. ಅವಳಿಗೆ ಹತ್ತೊಂಬತ್ತಾಗಿತ್ತು. ವಯಸ್ಸು ತಿಳಿಯಲು ಮಣಿಕಟ್ಟಿನ ಎಕ್ಸ್‌ರೇ ತೆಗೆಯುತ್ತಾರೆ. ಅಲ್ಲಿನ ಮೂಳೆ ಕೂಡಿಕೊಂಡಿದ್ದರೆ ವಯಸ್ಸು ಮೀರಿದೆ ಅಂತ ಲೆಕ್ಕ. ಹಿಂದಿನ ದಿನ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. "ನನ್ನ ಹೆಸರು ಕರೆದಾಗ ನೀನು ಹೋಗೇ. ನಿನ್ನ ಕೈ ಇಟ್ಟು ಬಾ, ಸಾಕು. ನಿಂದು ಎಲ್ಲರದ್ದೂ ಆದ ಮೇಲೆ ತೆಗೀತಾರೆ, ನಾನು ಮಾತಾಡಿದೀನಿ. ನಿಂಗೇನೂ ಆಗಲ್ಲ."

ಹೋದೆ. ಕೈ ಇಟ್ಟೆ. ಹೊರಗೆ ಬಂದು ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದಾಗ ಒಳಗೆ ನನ್ನ ಹೆಸರು ಕರೆದರು. ಅವಳು ಎದ್ದು ಹೋಗಿ ನನ್ನ ಹೆಸರಿನಲ್ಲಿ ತನ್ನ ಕೈ ಇಟ್ಟು ಬಂದಳು. ಗಾಬರಿಯಲ್ಲಿ ಹೋದಳೋ ಬೇಕಂತಲೇ ಹೋದಳೋ, ನನಗೆ ಬೇಕಿಲ್ಲ. ಸಂಜೆಯ ಹೊತ್ತಿಗೆ ನಾನು ವಯಸ್ಸು ಕದ್ದ ಕಳ್ಳಿ. ಇನ್ನೊಮ್ಮೆ ತೆಗೆಯಿರಿ ಅಂದೆ. ಮರುದಿನ ಬೆಳಗ್ಗೆ ತಂಡ ವಿಮಾನ ಹತ್ತಬೇಕಿತ್ತು, ಯಾರಿಗೆ ಪುರುಸೊತ್ತು? ಅವಳನ್ನು ಕರೆದು ಕೇಳಿದರು. ನೆಲ ನೋಡಿಕೊಂಡು "ನಂಗೇನೂ ಗೊತ್ತಿಲ್ಲ" ಅಂದಳು.

ಈಗ ಅವಳು ಆ ತಂಡದ ದೊಡ್ಡ ಕೋಚು. ನೀನು ನನ್ನ ಮಗಳೆಂದು ಅವಳಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಅಂಗಿ ಕೊಡುವ ದಿನದ ಪದ್ಧತಿ ನೆನಪಿದೆಯಲ್ಲ? ತನ್ನ ನಂಬರನ್ನು ಹಿಂದೆ ಯಾರ್ಯಾರು ತೊಟ್ಟಿದ್ದರು ಅಂತ ಮೊದಲಿನಿಂದ ಹೇಳಿಯೇ ಹುಡುಗಿ ಅಂಗಿ ತೊಡಬೇಕು. ನೀನು ಒಂದನೇ ನಂಬರನ್ನು ಗಿಟ್ಟಿಸು. ಆ ಸಾಲಿನಲ್ಲಿ ನನ್ನ ಅಡ್ಡಹೆಸರು ಹೇಳು, ಶಿಬಿರದ ಗೋಡೆಯಿಂದ ಅದನ್ನು ಯಾಕೆ ಅಳಿಸಿದರು ಅಂತಲೂ ಹೇಳು. ಅಷ್ಟು ಜನದ ಮುಂದೆ ಅವಳ ಮುಖ ಸುಟ್ಟ ಬದನೆಕಾಯಿ ಆಗಬೇಕು. ನಿನ್ನನ್ನು ಬೆಳೆಸಿದ್ದೇ ಅದಕ್ಕೆ ಅಂದರೆ ಬೇಜಾರು ಮಾಡಿಕೊಳ್ಳಬೇಡ.

ಹೊತ್ತಿಗೆ ಸರಿಯಾಗಿ ತಿನ್ನು.

ನಿನ್ನ ಅಮ್ಮ


ಜೂನ್ 10

ಅಮ್ಮಾ,

ಗೋಡೆ ನೋಡಿದೆ. ಊಟದ ಕೋಣೆಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಇದೆ. ಒಂದೊಂದು ನಂಬರಿನ ಕೆಳಗೆ ಅದನ್ನು ತೊಟ್ಟವರ ಅಡ್ಡಹೆಸರು, ನೀಲಿ ಬಣ್ಣದಲ್ಲಿ. ನಿಜವಾದ ಹೆಸರು ಯಾರದ್ದೂ ಇಲ್ಲ. ಒಂದನೇ ನಂಬರಿನ ಕೆಳಗೆ ಮೊದಲು ಬೇಲಿ, ಕೆಳಗೆ ಚಿಲಕ, ಹೀಗೇ ಸಾಲಾಗಿ ಕೊನೆಗೆ ಮೌನಿ. ಬೇಲಿಗೂ ಚಿಲಕಕ್ಕೂ ನಡುವೆ ಒಂದು ಸುಣ್ಣದ ಪಟ್ಟೆ. ಬಿಸಿಲು ಅಡ್ಡಡ್ಡ ಬಿದ್ದಾಗ ಸುಣ್ಣದ ಕೆಳಗೆ "ಗೋಂದು" ಅನ್ನುವ ಅಕ್ಷರಗಳು ಉಬ್ಬಿಕೊಂಡು ಕಾಣುತ್ತವೆ. ಚೆಂಡು ಅಂಟಿಕೊಳ್ಳುವ ನಿನ್ನ ಕೈ ನೆನೆದು ನನಗೆ ಅನ್ನ ಸೇರಲಿಲ್ಲ.

ಸಾಮಾನು ಕೋಣೆ ನೋಡಿಕೊಳ್ಳುವ ಮುದುಕನನ್ನು ಎಲ್ಲರೂ ಮಾವ ಅನ್ನುತ್ತಾರೆ. ಗೋಡೆ ಬರೆಯುವವನೂ ಅವನೇ. ಮೊದಲ ತಂಡದ ಕಥೆ ಹೇಳಿದ. ಹುಡುಗರ ಹಳೆಯ ಅಂಗಿಗಳನ್ನೇ ತೋಳು ಮಡಚಿ ತೊಟ್ಟಿದ್ದರಂತೆ. ಮೊದಲ ಪಂದ್ಯದಲ್ಲಿ ಒಂಬತ್ತು ಗೋಲು ತಿಂದು, ಹತ್ತನೆಯದನ್ನು ಬೇಲಿ ಹಲ್ಲು ಮುರಿದುಕೊಂಡು ತಡೆದಳಂತೆ. "ಒಂಬತ್ತಕ್ಕೇ ನಿಲ್ಸಿದ್ವಲ್ಲ ಅಂತ ಕುಣ್ಕೊಂಡು ಬಂದ್ವು ಆ ಮುಂಡೇವು" ಅಂದ. ಸುಣ್ಣದ ಪಟ್ಟೆ ಯಾರದು ಅಂತ ಕೇಳಿದೆ. "ಯಾರೋ ವಯಸ್ಸು ಸುಳ್ಳು ಹೇಳಿದ್ಲಮ್ಮ" ಅಂದುಬಿಟ್ಟ. ಕೈಯಲ್ಲಿದ್ದ ಲೋಟ ಅವನ ತಲೆಗೆ ಎಸೆಯಬೇಕು ಅನ್ನಿಸಿತು.

ನನಗೆ ಆಗಲೇ ಸಿಡುಕಿ ಅಂತ ಹೆಸರಿಟ್ಟಾಯಿತು. ಪಕ್ಕದ ಮಂಚದವಳು ಮಿಂಚುಳ್ಳಿ, ಗೋಲು ಹೊಡೆಯುವವರ ಒಂಬತ್ತನೇ ನಂಬರಿಗೆ ಅವಳೇ ಗ್ಯಾರಂಟಿ. ಎಲ್ಲಿಂದ ಎರಗುತ್ತಾಳೋ ಗೊತ್ತೇ ಆಗುವುದಿಲ್ಲ. ಅನಾಥಾಲಯದ ಹುಡುಗಿ, ಪತ್ರ ಬರೆಯುವವರು ಯಾರೂ ಇಲ್ಲ. ನಿನ್ನದನ್ನು ಓದು ಅಂತ ಪೀಡಿಸುತ್ತಾಳೆ. ದೊರೆಸಾನಿಯ ವಿಷಯ, ಅಂಗಿಯ ವಿಷಯ ಬಿಟ್ಟು ಉಳಿದದ್ದನ್ನು ಓದಿದೆ. ಸುಟ್ಟ ಬದನೆಕಾಯಿ ಅನ್ನುವುದು ಬಾಯಿಗೆ ಬಂದುಬಿಟ್ಟಿತು, ಯಾರದು ಅಂತ ಕೇಳಿದಳು. ಡಿಪೋ ಮ್ಯಾನೇಜರದು ಅಂದೆ. ಮಂಚದಿಂದ ಬೀಳುವಷ್ಟು ನಕ್ಕಳು.

ದೊರೆಸಾನಿ ಕುಂಟುತ್ತಾಳೆ, ಅಮ್ಮ. ಮಂಡಿಗೆ ಪಟ್ಟಿ ಕಟ್ಟಿಕೊಂಡು ಬರುತ್ತಾಳೆ. ಬೈಯುವುದಿಲ್ಲ. ನಾನು ಎಡಗಡೆಗೆ ತಡವಾಗಿ ಬೀಳುತ್ತೇನೆ ಅಂತ ನೀನು ಹೇಳುತ್ತಿದ್ದೆಯಲ್ಲ, ಅವಳು ನನ್ನ ಹಿಮ್ಮಡಿಯ ಕೆಳಗೆ ಒಂದು ಕಡ್ಡಿ ಇಟ್ಟು ಮೂರೇ ದಿನದಲ್ಲಿ ಸರಿಮಾಡಿದಳು. ಹೇಗೆ ಅಂತ ಬಂದಾಗ ತೋರಿಸುತ್ತೇನೆ.

ನಿನ್ನ ಸಿಡುಕಿ


ಜೂನ್ 13

ಮಗಳೇ,

ಕಡ್ಡಿ ಇಟ್ಟಳಂತೆ! ಆ ಕಡ್ಡಿಯ ಉಪಾಯ ಯಾರದ್ದು ಅಂತ ಕೇಳು ಅವಳನ್ನು. ನಮ್ಮಿಬ್ಬರಿಗೂ ಒಬ್ಬರೇ ಗುರುಗಳು ಕಲಿಸಿದ್ದು. ನಿನಗೆ ನಾನು ಅದನ್ನೇ ಹೇಳಿದಾಗ ಕಾಲು ನೋಯುತ್ತದೆ ಅಂತ ಮೂತಿ ತಿರುಗಿಸಿದ್ದೆ. ಅವಳು ಹೇಳಿದರೆ ಸಿಹಿ, ಅಮ್ಮ ಹೇಳಿದರೆ ಕಹಿ.

ಅವಳು ಬೈಯುವುದಿಲ್ಲ ಅಂತ ಬರೆದಿದ್ದೀಯ. ನನಗೂ ಒಂದು ದಿನ ಬೈದವಳಲ್ಲ. ತಲೆ ಬಾಚಿ ಜಡೆ ಹಾಕುತ್ತಿದ್ದಳು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನನ್ನನ್ನು ತಂಡದಿಂದ ತೆಗೆದವಳು ಅವಳು. ನಾನು ಊರಿಗೆ ಬಂದಾಗ ನಿನ್ನ ಅಜ್ಜ ಬಾಗಿಲು ತೆಗೆದು, ಮುಖ ನೋಡಿ, ಮತ್ತೆ ಒಳಗೆ ಹೋಗಿ ಕೂತ. ಸಾಯುವವರೆಗೂ ಆ ವಿಷಯ ಎತ್ತಲಿಲ್ಲ. ನಾನು ಕಳ್ಳಿ ಅಂತ ನಂಬಿಯೇ ಸತ್ತ. ಅವಳ ಮಂಡಿ ನೋಯುತ್ತದೆಯೇ? ನೋಯಲಿ.

ನಿನ್ನ ಕೈಗವಸಿನ ಅಂಗೈ ಸವೆದಿದೆ ಅಂತ ಗೊತ್ತು. ಹೊಸ ತೊಗಲು ಹಾಕಿ ಡಿಪೋದ ದೊಡ್ಡ ಮಿಷನ್ನಿನಲ್ಲಿ ಹೊಲಿದು ಕಳಿಸಿದ್ದೇನೆ, ಈ ಜನ್ಮದಲ್ಲಿ ಬಿಚ್ಚುವುದಿಲ್ಲ. ಮಿಂಚುಳ್ಳಿಗೆ ಒಂದು ಜೊತೆ ದಪ್ಪ ಕಾಲುಚೀಲ ಇಟ್ಟಿದ್ದೇನೆ. ಪಾಪದ ಮಗು, ನನ್ನ ಪತ್ರ ಕೇಳಿ ನಗುತ್ತದಂತಲ್ಲ. ಅಮ್ಮ ಇಲ್ಲ ಅಂತ ಕೊರಗಬೇಡ, ಪಂದ್ಯ ಮುಗಿದ ಮೇಲೆ ನಮ್ಮ ಮನೆಗೆ ಬಾ ಅಂತ ಹೇಳು.

ಹಲ್ಲು ಕಚ್ಚಿಕೊಂಡಿರು.

ಅಮ್ಮ


ಜುಲೈ 4

ಅಮ್ಮಾ,

ಇಷ್ಟು ದಿನ ಬರೆಯದಿದ್ದಕ್ಕೆ ಬೈಯಬೇಡ. ಒಂದನೇ ನಂಬರು ನನಗೇ ಸಿಕ್ಕಿತು. ಅದನ್ನು ಕುಣಿದುಕೊಂಡು ಬರೆಯಬೇಕು ಅಂತಿದ್ದೆ. ಆಗಲಿಲ್ಲ, ಯಾಕೆ ಅಂತ ಕೇಳು.

ಈ ಬಾರಿ ಎಕ್ಸ್‌ರೇ ಗಾಡಿ ಶಿಬಿರಕ್ಕೇ ಬರುತ್ತದೆ, ಒಂಬತ್ತನೇ ತಾರೀಕು. ಎಲ್ಲರಿಗೂ ಒಂದೇ ಬಟ್ಟೆ, ಒಂದೇ ಜಡೆ, ಎದೆಯ ಮೇಲೆ ನಂಬರಿನ ತುಂಡುಬಟ್ಟೆ. ಡಾಕ್ಟರು ನೋಡುವುದು ಅದೊಂದನ್ನೇ. ನಿನ್ನೆ ಅಭ್ಯಾಸ ಮುಗಿದ ಮೇಲೆ ದೊರೆಸಾನಿ ನನ್ನನ್ನು ನಿಲ್ಲಿಸಿಕೊಂಡಳು. ಸುತ್ತಿ ಬಳಸಿ ಮಾತಾಡಲಿಲ್ಲ.

"ಮಿಂಚುಳ್ಳಿ ವಯಸ್ಸು ಆ ಅನಾಥಾಲಯದೋರು ಅಂದಾಜಲ್ಲಿ ಬರೆದಿದ್ದು. ನಂಗ್ಯಾಕೋ ಭಯ. ಅವಳು ಹೋದ್ರೆ ಈ ತಂಡದಲ್ಲಿ ಗೋಲು ಹೊಡೆಯೋರಿಲ್ಲ. ಒಂಬತ್ತರ ಬಟ್ಟೆ ಕಟ್ಕೊಂಡು ನೀನು ಹೋಗು. ನಿಂದು ಹೋದ ವರ್ಷ ರಾಜ್ಯ ತಂಡಕ್ಕೆ ತೆಗೆದ ಫಿಲಂ ಇದೆ, ಅದನ್ನೇ ಕೊಡ್ತೀನಿ. ನಿಂಗೇನೂ ಆಗಲ್ಲ."

ಅದೇ ಮಾತು, ಅಮ್ಮ. ನೀನು ಬರೆದದ್ದೇ. ನನ್ನ ಮೈಯೆಲ್ಲ ಉರಿದುಹೋಯಿತು. ಆಗಲೇ ಕಿರುಚಬೇಕಿತ್ತು. ಆದರೆ ಮಿಂಚುಳ್ಳಿಗೆ ಇದು ಯಾವುದೂ ಗೊತ್ತಿಲ್ಲ. ದೊರೆಸಾನಿ ಅವಳಿಗೆ ಹೇಳಿಲ್ಲ, ಹೇಳಬೇಡ ಅಂತ ನನಗೂ ಹೇಳಿದ್ದಾಳೆ. ತನಗೆ ಹದಿನಾರು ಅಂತಲೇ ಆ ಹುಡುಗಿ ನಂಬಿದ್ದಾಳೆ. ನಾನು ಬಾಯಿಬಿಟ್ಟರೆ ಅವಳ ಕೈಯ ಎಕ್ಸ್‌ರೇಯನ್ನೂ ತೆಗೆದು ನೋಡುತ್ತಾರೆ. ವಯಸ್ಸು ಮೀರಿದೆ ಅಂತ ಬಂದರೆ ತಂಡ ಅಷ್ಟೇ ಅಲ್ಲ, ಅನಾಥಾಲಯವೂ ಹೋಗುತ್ತದೆ. ಹದಿನೆಂಟಾದವರಿಗೆ ಅಲ್ಲಿ ಮಂಚ ಇಲ್ಲ.

ಏನು ಮಾಡಲಿ?

ಸಿಡುಕಿ


ಜುಲೈ 5

ಮಗಳೇ,

ನಿನ್ನ ಪತ್ರ ಓದಿ ಡಿಪೋದಲ್ಲಿ ಎಲ್ಲರ ಮುಂದೆ ಜೋರಾಗಿ ನಕ್ಕೆ. ಇವಳಿಗೆ ತಲೆ ಕೆಟ್ಟಿತು ಅಂದುಕೊಂಡಿರಬೇಕು. ಅದೇ ಮಾತಂತೆ, ಅದೇ ಕೈಯಂತೆ! ಇಷ್ಟು ವರ್ಷದಲ್ಲಿ ಅವಳಿಗೆ ಹೊಸದೊಂದು ಸುಳ್ಳು ಕಲಿಯಲೂ ಬುದ್ಧಿ ಬರಲಿಲ್ಲ. ಹಳ್ಳ ಅವಳೇ ತೋಡಿದ್ದಾಳೆ, ದಡದಲ್ಲಿ ಅವಳೇ ನಿಂತಿದ್ದಾಳೆ, ನೂಕುವವಳು ನನ್ನ ಮಗಳು. ನಾನು ಬೇಡಿಕೊಂಡರೂ ಇಂಥದ್ದು ಸಿಗುತ್ತಿರಲಿಲ್ಲ.

ಹೂಂ ಅನ್ನು ಅವಳಿಗೆ. ಒಂಬತ್ತರ ಬಟ್ಟೆ ಕಟ್ಟಿಕೊಂಡು ಗಾಡಿಯೊಳಗೆ ಹೋಗು. ಡಾಕ್ಟರ ಮುಂದೆ ಆ ನಂಬರು ಬಿಚ್ಚಿಟ್ಟು, ನಾನು ಒಂಬತ್ತಲ್ಲ, ನನ್ನನ್ನು ಕಳಿಸಿದವಳು ಹೊರಗೆ ನಿಂತಿದ್ದಾಳೆ ಅನ್ನು. ಕಿರುಚಬೇಡ, ಮೆತ್ತಗೆ ಹೇಳಿದರೂ ಕೇಳಿಸುತ್ತದೆ.

ಅಮ್ಮ


ಜುಲೈ 7

ಅಮ್ಮಾ,

ನೀನು ಮಿಂಚುಳ್ಳಿಯ ಬಗ್ಗೆ ಒಂದು ಮಾತೂ ಬರೆದಿಲ್ಲ. ಇನ್ನೊಂದು ದಾರಿ ಯೋಚಿಸಿದ್ದೇನೆ. ಕೈ ಕೊಡುವುದಿಲ್ಲ ಅಂತ ದೊರೆಸಾನಿಗೆ ಹೇಳಿಬಿಡುತ್ತೇನೆ. ಮಿಂಚುಳ್ಳಿ ತನ್ನ ಕೈ ತಾನೇ ಇಡಲಿ, ಅವಳ ಅದೃಷ್ಟ ಇದ್ದ ಹಾಗೆ ಆಗಲಿ. ಅಂಗಿಯ ದಿನ ನಾನು ನಿನ್ನ ಹೆಸರು ಹೇಳುತ್ತೇನೆ, ಎಲ್ಲ ಹೇಳುತ್ತೇನೆ. ಆಗಬಹುದೇ? ಬೇಗ ಬರೆ. ಅವಳು ರಾತ್ರಿ ನಿನ್ನ ಕಾಲುಚೀಲ ಹಾಕಿಕೊಂಡೇ ಮಲಗುತ್ತಾಳೆ.

ಸಿಡುಕಿ


ಜುಲೈ 8

ಅಂಗಿಯ ದಿನ ಬಾಯಲ್ಲಿ ಹೇಳುತ್ತೀಯಾ? ನಾನೂ ಬಾಯಲ್ಲೇ ಹೇಳಿದ್ದೆ. ಏನಾಯಿತು? ಹುಚ್ಚು ಹುಡುಗಿ ಅಂತಾರೆ, ಅಂಗಿ ಕಿತ್ತುಕೊಳ್ಳುತ್ತಾರೆ, ನನ್ನ ಪಕ್ಕದಲ್ಲಿ ನಿನಗೂ ಒಂದು ಸುಣ್ಣದ ಪಟ್ಟೆ. ಅವಳು ಸಾಕ್ಷಿ ಸಮೇತ ಸಿಕ್ಕಿಬೀಳುವುದು ನಾಳೆ ಒಂದೇ ದಿನ.

ಆ ಹುಡುಗಿ ಹೋದರೆ ಹೋಗಲಿ. ನಾನು ಹೋದಾಗ ಯಾರು ಅತ್ತರು? ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ನೀನು, ಅವಳಲ್ಲ. ನಾಳೆ ನೀನು ಸುಮ್ಮನಿದ್ದರೆ ಮನೆಗೆ ಬಂದು ನನ್ನ ಮುಖ ಹೇಗೆ ನೋಡುತ್ತೀಯೋ ನೋಡುತ್ತೇನೆ.

ಅಮ್ಮ


ಜುಲೈ 19

ಅಮ್ಮಾ,

ನೀನು ಹೇಳಿದ ಹಾಗೆಯೇ ಮಾಡಿದೆ.

ಗಾಡಿಯೊಳಗೆ ಡಾಕ್ಟರಮ್ಮ ನನ್ನ ಕೈ ಹಿಡಿದು ಪೆಟ್ಟಿಗೆಯ ಮೇಲೆ ಇಡುವಾಗ ಒಂಬತ್ತರ ಬಟ್ಟೆ ಬಿಚ್ಚಿದೆ. ನೀನು ಹೇಳಿಕೊಟ್ಟ ಮಾತು ಹೇಳಿದೆ. ಅವರು ಕೆಳಗಿಳಿದು ಹೋಗಿ ಫೆಡರೇಶನ್ನಿನ ಇಬ್ಬರು ಅಧಿಕಾರಿಗಳನ್ನು ಕರೆದುಕೊಂಡು ಬಂದರು. ದೊರೆಸಾನಿ ಮೊದಲು ಇಲ್ಲವೇ ಇಲ್ಲ ಅಂದಳು. ನಿನ್ನದು ಕೊನೆಗೆ ಅಂತ ಅವಳು ಹಿಂದೆ ಕೂರಿಸಿದ್ದ ಮಿಂಚುಳ್ಳಿಯ ಎದೆಯ ಮೇಲೆ ನಂಬರಿನ ಬಟ್ಟೆಯೇ ಇರಲಿಲ್ಲ. ಅವಳ ನಂಬರು ಯಾಕೆ ಇವಳ ಹತ್ತಿರ ಇದೆ ಅಂತ ಅಧಿಕಾರಿಗಳು ಕೇಳಿದರು. ಆಗ ನಾನು, ಇದೇ ಕೆಲಸ ನೀವು ಹಿಂದೆಯೂ ಮಾಡಿದ್ದೀರಿ, ನಾನು ಗೋಂದುವಿನ ಮಗಳು ಅಂದೆ.

ಅವಳು ಬೆಂಚಿನ ಮೇಲೆ ಕೂತುಬಿಟ್ಟಳು. ನನ್ನ ಮುಖ ನೋಡಲಿಲ್ಲ, ಕೈಗಳನ್ನೇ ನೋಡುತ್ತಿದ್ದಳು. "ಅವಳಿಗೆ ಹೇಳು, ಅವತ್ತು ನನ್ನ ಕಾಲು ತಾನಾಗೇ ಎದ್ದು ಹೋಯ್ತು. ಹೋದ ಮೇಲೆ ವಾಪಸ್ ಬರೋಕೆ ಧೈರ್ಯ ಬರ್ಲಿಲ್ಲ" ಅಂದಳು. ಅಧಿಕಾರಿಗಳು ಅದನ್ನು ಬರೆಸಿ ಸಹಿ ಹಾಕಿಸಿಕೊಂಡರು. ಸಂಜೆ ಪೆಟ್ಟಿಗೆ ಹಿಡಿದು ಹೋದಳು.

ಮಿಂಚುಳ್ಳಿಯ ಕೈಯ ಎಕ್ಸ್‌ರೇಯನ್ನೂ ತೆಗೆದರು. ಮೂಳೆ ಕೂಡಿಕೊಂಡಿದೆ. ಹತ್ತೊಂಬತ್ತು ಅಂತ ಬರೆದುಕೊಟ್ಟರು. "ಹತ್ತೊಂಬತ್ತಾ? ನನಗಾ?" ಅಂತ ಅವಳು ಡಾಕ್ಟರನ್ನೇ ಮತ್ತೆ ಮತ್ತೆ ಕೇಳಿದಳು. ನಾನು ಅಭ್ಯಾಸಕ್ಕೆ ಹೋಗಿ ಬರುವಷ್ಟರಲ್ಲಿ ಹೊರಟುಹೋಗಿದ್ದಳು. ನನ್ನ ದಿಂಬಿನ ಕೆಳಗಿದ್ದ ನಿನ್ನ ಪತ್ರಗಳು ಮಂಚದ ಮೇಲೆ ಹರಡಿಕೊಂಡಿದ್ದವು. ಎಲ್ಲವನ್ನೂ ಓದಿದ್ದಾಳೆ.

ಮಾವ ಏಣಿ ಹಾಕಿ ಸುಣ್ಣ ಕೆರೆದು ನಿನ್ನ ಹೆಸರಿಗೆ ಹೊಸ ಬಣ್ಣ ಹಚ್ಚಿದ. ನಿನ್ನೆ ಅಂಗಿ ಕೊಟ್ಟರು. ಬೇಲಿ, ಗೋಂದು, ಚಿಲಕ ಅಂತ ಮೌನಿಯವರೆಗೂ ಹೇಳಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ನಾಳೆ ಹೊರಡುತ್ತೇವೆ.

ನೀನು ಕೇಳಿದ್ದನ್ನು ಕೊಟ್ಟಿದ್ದೇನೆ. ಇನ್ನು ಸ್ವಲ್ಪ ದಿನ ನನಗೆ ಬರೆಯಬೇಡ.

ಸಿಡುಕಿ


ಜುಲೈ 30

ನನ್ನ ಚಿನ್ನ,

ಬರೆಯಬೇಡ ಅಂದರೆ ಬಿಡುತ್ತೇನೆಯೇ? ಪತ್ರವನ್ನು ನಿನ್ನ ಅಜ್ಜನ ಫೋಟೋದ ಮುಂದೆ ನಿಂತು ಗಟ್ಟಿಯಾಗಿ ಓದಿದೆ. ಕೇಳಿಸಿಕೋ ಅಪ್ಪಾ ಅಂದೆ. ಎಷ್ಟು ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು. ಕಾಲು ತಾನಾಗೇ ಎದ್ದು ಹೋಯಿತಂತೆ! ಈಗಲೂ ತಾನಾಗೇ ಹೋಗಲಿ, ನಡೆದುಕೊಂಡು.

ಪಂದ್ಯಗಳನ್ನು ಡಿಪೋದ ಕ್ಯಾಂಟೀನಿನ ಟಿವಿಯಲ್ಲಿ ಎಲ್ಲರೂ ಸೇರಿ ನೋಡಿದೆವು. ಮೂರಕ್ಕೆ ಮೂರೂ ಸೋತಿರಿ, ಸೋತರೆ ಸೋತಿರಿ ಬಿಡು. ನೀನೊಬ್ಬಳೇ ಎಷ್ಟು ತಡೆಯುತ್ತೀಯ? ಗೋಲು ಹೊಡೆಯುವವರೇ ಇರಲಿಲ್ಲ. ಡ್ರೈವರಣ್ಣ, "ಆ ಕೀಪರ್ ಹುಡ್ಗಿ ಯಾಕೆ ಒಂದ್ಸಲನೂ ನಗಲ್ಲ?" ಅಂತ ಕೇಳಿದ. ನಮ್ಮ ವಂಶವೇ ಹಾಗೆ ಅಂದೆ.

ಶನಿವಾರ ಬರುತ್ತೀಯಲ್ಲ? ಬಸ್ ನಿಲ್ದಾಣಕ್ಕೆ ನಾನೇ ಬರುತ್ತೇನೆ.

ನಿನ್ನ ಗೋಂದು


ಆಗಸ್ಟ್ 21

ಮಗಳೇ,

ಶನಿವಾರ ಕಾದೆ. ಮುಂದಿನ ಶನಿವಾರವೂ ಕಾದೆ. ಪಂದ್ಯ ಮುಗಿದ ಮೇಲೆ ವಾಪಸ್ ಕೊಟ್ಟ ನಿನ್ನ ಮೊಬೈಲು ಬಡಿದುಕೊಳ್ಳುತ್ತದೆ, ನೀನು ಎತ್ತುವುದಿಲ್ಲ. ಮಾವ ಫೋನ್ ಮಾಡಿ, ನೀನು ಶಿಬಿರದಲ್ಲೇ ಉಳಿದಿದ್ದೀಯ, ರಜೆ ಬೇಡ ಅಂದೆಯಂತೆ ಅಂದ. ನಾನೇನು ತಪ್ಪು ಮಾಡಿದೆ? ನನ್ನ ಹೆಸರನ್ನು ನಾನು ವಾಪಸ್ ಕೇಳಿದೆ, ಅಷ್ಟೇ. ಮಿಂಚುಳ್ಳಿ ಎಲ್ಲಿದ್ದಾಳೆ ಗೊತ್ತಾದರೆ ತಿಳಿಸು. ಮನೆಗೆ ಬಾ ಅಂತ ಹೇಳಿದ್ದೆನಲ್ಲ, ಈಗಲೂ ಇಲ್ಲ ಅನ್ನುವವಳಲ್ಲ ನಾನು.

ಸಿಟ್ಟಿದ್ದರೆ ಬಂದು ಬೈದು ಹೋಗು.

ಅಮ್ಮ


ಸೆಪ್ಟೆಂಬರ್ 14

ಗೋಂದು ಅಮ್ಮನವರಿಗೆ,

ನಾನು ಮಿಂಚುಳ್ಳಿ. ನಿಮ್ಮ ಡ್ರೈವರಣ್ಣ ಗುರುತು ಹಿಡಿದು, ನೀವು ಹುಡುಕುತ್ತಿದ್ದೀರಿ ಅಂದದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಶಿಬಿರದ ಊರಿನ ಬಸ್ ನಿಲ್ದಾಣದ ಹಿಂದಿನ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತೇನೆ. ಅನಾಥಾಲಯದಲ್ಲಿ ಡಾಕ್ಟರ ಚೀಟಿ ನೋಡಿ ವಾರ್ಡನ್ನಮ್ಮ ಅತ್ತರು, ಆದರೆ ಮಂಚ ಕೊಡಲಾಗಲಿಲ್ಲ. ಈಗ ಅಡುಗೆಮನೆಯ ಅಟ್ಟದ ಮೇಲೆ ಮಲಗುತ್ತೇನೆ. ನಿಮ್ಮ ಮನೆಗೆ ಬಾ ಅಂದಿರಂತೆ. ಬರುವುದಿಲ್ಲ.

ನಾನು ಯಾವ ಸುಳ್ಳೂ ಹೇಳಿರಲಿಲ್ಲ. ನಿಮ್ಮ ಹಾಗೆ ಯಾರಿಗೂ ಕೈ ಕೊಟ್ಟಿರಲಿಲ್ಲ, ಯಾರ ಕೈಯನ್ನೂ ಕೇಳಿರಲಿಲ್ಲ. ಹೋಟೆಲಿಗೆ ಬರುವ ಹುಡುಗರು ನನ್ನನ್ನು ಗುರುತು ಹಿಡಿದು "ಅಜ್ಜಿ, ವಯಸ್ಸೆಷ್ಟು?" ಅನ್ನುತ್ತಾರೆ. ದೊರೆಸಾನಿ ಒಮ್ಮೆ ಇಲ್ಲಿಗೆ ಬಂದು, ತಪ್ಪು ನನ್ನದು ಅಂತ ಅತ್ತು ಹೋದರು. ನಿಮ್ಮ ಮಗಳು ಎರಡು ಸಲ ಬಂದಳು. ತಟ್ಟೆ ತೊಳೆಯುವುದು ನಿಲ್ಲಿಸಲಿಲ್ಲ ನಾನು, ನಿಂತು ನಿಂತು ಹೋದಳು. ನೀವು ಬರಲಿಲ್ಲ.

ನಿಮ್ಮ ಎಲ್ಲ ಪತ್ರಗಳನ್ನೂ ಓದಿದ್ದೇನೆ. ನನಗೆ ಪತ್ರ ಅಂತ ಬಂದದ್ದು ಅವು ಮಾತ್ರ, ಹಾಗಾಗಿ ಬಾಯಿಪಾಠ ಆಗಿವೆ. ಸಿಟ್ಟನ್ನು ಆರಲು ಬಿಡದೆ ಹೇಗೆ ಇಟ್ಟುಕೊಳ್ಳಬೇಕು, ಎಷ್ಟು ವರ್ಷ ಕಾಯಬೇಕು, ಯಾರ ಕೈಯಿಂದ ತೀರಿಸಬೇಕು, ಎಲ್ಲವೂ ಅವುಗಳಲ್ಲಿ ಇದೆ. ಕೋಚುಗಳು ಕೂಡ ನನಗೆ ಇಷ್ಟು ಬಿಡಿಸಿ ಹೇಳಿಕೊಟ್ಟಿರಲಿಲ್ಲ.

ನಿಮ್ಮ ಮಗಳು ಚೆನ್ನಾಗಿ ಆಡಲಿ. ಮುಂದೊಂದು ದಿನ ಅವಳೂ ಆ ತಂಡದ ದೊಡ್ಡ ಕೋಚು ಆಗುತ್ತಾಳೆ, ಆಗಲೇಬೇಕು. ನನಗೆ ಹತ್ತೊಂಬತ್ತು ಅಂತ ಸರ್ಕಾರವೇ ಬರೆದುಕೊಟ್ಟಿದೆಯಲ್ಲ, ಮದುವೆಗೆ ಅಡ್ಡಿಯಿಲ್ಲ. ಹುಟ್ಟುವುದು ಹೆಣ್ಣೇ ಆಗಲಿ ಅಂತ ದಿನಾ ಕೇಳಿಕೊಳ್ಳುತ್ತೇನೆ.

ಮಿಂಚುಳ್ಳಿ